ಗೃಹಾಧಾರಿತ ಆಮದು-ರಫ್ತು ವ್ಯವಹಾರ

ಗೃಹಾಧಾರಿತ ಆಮದು-ರಫ್ತು ವ್ಯವಹಾರವೆಂದರೆ ಪ್ರತ್ಯೇಕ ಕಚೇರಿಯಾಗಲಿ ದೊಡ್ಡ ಗೋದಾಮಾಗಲಿ ಇಲ್ಲದೆ, ವಾಸದ ಮನೆಯನ್ನೇ ವ್ಯವಹಾರದ ವಿಳಾಸವಾಗಿಟ್ಟುಕೊಂಡು ವಿದೇಶಗಳೊಡನೆ ನಡೆಸುವ ಸರಕು ವ್ಯಾಪಾರ. ಭಾರತದಲ್ಲಿ ಇಂತಹ ವ್ಯವಹಾರವನ್ನು ಆರಂಭಿಸುವುದು ಸುಲಭ. ಆದರೆ ಬಂಡವಾಳ ಚಿಕ್ಕದಾಗಿರುವುದರಿಂದ, ಹಣ ಬಾರದೆ ಹೋದ ಒಂದೇ ರವಾನೆಯು ಇಡೀ ವ್ಯವಹಾರವನ್ನು ಮುಳುಗಿಸಬಹುದು. ಆದ್ದರಿಂದ ದಾಖಲೆಗಳ ನಿಖರತೆ ಮತ್ತು ಪಾವತಿಯ ಭದ್ರತೆ ಇದರಲ್ಲಿ ಮುಖ್ಯವಾಗುತ್ತವೆ.

ಸ್ವರೂಪ

ತಾನೇ ತಯಾರಿಸಿದ ವಸ್ತುವನ್ನು ಕಳುಹಿಸುವವನು ತಯಾರಕ ರಫ್ತುದಾರ. ಬೇರೆಯವರಿಂದ ಕೊಂಡು ಕಳುಹಿಸುವವನು ವ್ಯಾಪಾರಿ ರಫ್ತುದಾರ. ಸರಕನ್ನು ಕೊಳ್ಳದೆ, ಮಾರುವವನನ್ನೂ ಕೊಳ್ಳುವವನನ್ನೂ ಸೇರಿಸಿ ದಲ್ಲಾಳಿ ಹಣ ಪಡೆಯುವವನು ಕಮಿಷನ್ ಏಜೆಂಟ್. ಮನೆಯಿಂದ ನಡೆಯುವ ವ್ಯವಹಾರಗಳಿಗೆ ಕೊನೆಯ ಎರಡು ಬಗೆಗಳು ಹೆಚ್ಚು ಹೊಂದುತ್ತವೆ, ಏಕೆಂದರೆ ಅವುಗಳಿಗೆ ಯಂತ್ರವಾಗಲಿ ಕಾರ್ಖಾನೆಯಾಗಲಿ ಬೇಕಿಲ್ಲ.

ನೋಂದಣಿ

1992ರ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಸಂದರ್ಭಗಳನ್ನು ಬಿಟ್ಟು, ಆಮದು-ರಫ್ತು ಸಂಕೇತ ಸಂಖ್ಯೆಯಿಲ್ಲದೆ ಸರಕನ್ನು ತರಿಸುವಂತಿಲ್ಲ, ಕಳುಹಿಸುವಂತಿಲ್ಲ. ಇದನ್ನು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಆನ್‌ಲೈನ್ ಮೂಲಕ 500 ರೂಪಾಯಿ ಶುಲ್ಕಕ್ಕೆ ನೀಡುತ್ತದೆ. 10 ಅಕ್ಷರ-ಅಂಕಿಗಳ ಈ ಸಂಕೇತವು ಪ್ಯಾನ್ ಸಂಖ್ಯೆಯೇ ಆಗಿರುತ್ತದೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಇದರ ವಿವರಗಳನ್ನು ದೃಢೀಕರಿಸದಿದ್ದರೆ ಸಂಕೇತವು ನಿಷ್ಕ್ರಿಯವಾಗುತ್ತದೆ.

ಮನೆಯ ವಿಳಾಸದಲ್ಲಿ ನೋಂದಾಯಿಸಲು ವಿದ್ಯುತ್ ಬಿಲ್ಲು ಅಥವಾ ಬಾಡಿಗೆ ಕರಾರಿನಂತಹ ಪುರಾವೆ ಬೇಕು. ಮನೆ ಬೇರೊಬ್ಬರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಇದರ ಜೊತೆಗೆ ಜಿಎಸ್‌ಟಿ ನೋಂದಣಿ, ಚಾಲ್ತಿ ಖಾತೆ ಹಾಗೂ ಆ ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸ್‌ನಲ್ಲಿ ದಾಖಲಿಸುವುದು ಮುಂದಿನ ಹಂತಗಳು. ರಫ್ತು ಶೂನ್ಯ ದರದ ಪೂರೈಕೆಯಾದುದರಿಂದ, ಮುಚ್ಚಳಿಕೆ ಪತ್ರ ಸಲ್ಲಿಸಿದವರು ತೆರಿಗೆ ಕಟ್ಟದೆಯೇ ಸರಕು ಕಳುಹಿಸಬಹುದು. ಉಳಿದವರು ತೆರಿಗೆ ಕಟ್ಟಿ ಬಳಿಕ ಮರುಪಾವತಿ ಪಡೆಯುತ್ತಾರೆ.

ಸರಕಿನ ಆಯ್ಕೆ

ಪ್ರತಿಯೊಂದು ಸರಕಿಗೂ 8 ಅಂಕಿಗಳ ವರ್ಗೀಕರಣ ಸಂಖ್ಯೆಯಿದೆ. ಸರಕು ಮುಕ್ತವೋ, ನಿರ್ಬಂಧಿತವೋ, ನಿಷೇಧಿತವೋ ಎಂಬುದನ್ನು ಆ ಸಂಖ್ಯೆಯ ಮೂಲಕ ತಿಳಿಯಬಹುದು. ಕಾಫಿಗೆ ಕಾಫಿ ಮಂಡಳಿಯ ಮತ್ತು ಸಾಂಬಾರ ಪದಾರ್ಥಗಳಿಗೆ ಸಾಂಬಾರ ಮಂಡಳಿಯ ನೋಂದಣಿ ಅಗತ್ಯ.

ಕೊಳ್ಳುವ ದೇಶದ ನಿಯಮಗಳನ್ನೂ ಅರಿತಿರಬೇಕು. ಉದಾಹರಣೆಗೆ, ಚನ್ನಪಟ್ಟಣದ ಮರದ ಆಟಿಕೆಗಳು ಹಗುರವಾಗಿದ್ದು ಮನೆಯಿಂದಲೇ ಕಳುಹಿಸಲು ಅನುಕೂಲಕರ. ಅವು ಅಮೆರಿಕ ಅಥವಾ ಐರೋಪ್ಯ ಒಕ್ಕೂಟವನ್ನು ಪ್ರವೇಶಿಸಬೇಕಾದರೆ ಬಣ್ಣದಲ್ಲಿರುವ ಸೀಸದಂತಹ ಅಂಶಗಳ ಕುರಿತು ಅಲ್ಲಿನ ಮಕ್ಕಳ ಸುರಕ್ಷತಾ ನಿಯಮಗಳಿಗೆ ಒಳಪಡಬೇಕು. ಇದೇ ರೀತಿ ಭಾರತಕ್ಕೆ ಆಟಿಕೆಗಳನ್ನು ತರಿಸುವವರಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ.

ರವಾನೆ

ಸಣ್ಣ ಪೊಟ್ಟಣಗಳಿಗೆ ಅಂಚೆ ಮಾರ್ಗ ಉಪಯುಕ್ತ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ವ್ಯವಸ್ಥೆಯಲ್ಲಿ ರಫ್ತಿನ ಘೋಷಣೆಯನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು. 2023ರ ವಿದೇಶಿ ವ್ಯಾಪಾರ ನೀತಿಯು ಕೊರಿಯರ್ ಮೂಲಕ ಕಳುಹಿಸುವ ಒಂದು ರವಾನೆಯ ಮೌಲ್ಯಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಹಡಗು ಅಥವಾ ವಿಮಾನದ ಸಾಮಾನ್ಯ ಸರಕಿಗೆ ರಫ್ತಿನಲ್ಲಿ ಶಿಪ್ಪಿಂಗ್ ಬಿಲ್ ಮತ್ತು ಆಮದಿನಲ್ಲಿ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ಈ ಕೆಲಸವನ್ನು ಪರವಾನಗಿ ಪಡೆದ ಕಸ್ಟಮ್ಸ್ ದಲ್ಲಾಳಿಗಳಿಗೆ ವಹಿಸುವುದು ರೂಢಿ.

ಹೊಣೆಯ ಹಂಚಿಕೆ

ಸಾಗಣೆ ವೆಚ್ಚ ಮತ್ತು ನಷ್ಟದ ಹೊಣೆ ಯಾರದೆಂಬುದನ್ನು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ ಸೂತ್ರಗಳು ನಿರ್ಧರಿಸುತ್ತವೆ. 2020ರ ಆವೃತ್ತಿಯಲ್ಲಿ 11 ಸೂತ್ರಗಳಿವೆ. ಎಫ್‌ಒಬಿ ಸೂತ್ರದಲ್ಲಿ ಸರಕು ಹಡಗಿಗೇರಿದೊಡನೆ ಹೊಣೆಯು ಕೊಳ್ಳುವವನಿಗೆ ವರ್ಗವಾಗುತ್ತದೆ. ಸಿಐಎಫ್ ಸೂತ್ರದಲ್ಲಿ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಮಾರುವವನೇ ಭರಿಸುತ್ತಾನೆ. ಆದರೂ ನಷ್ಟದ ಹೊಣೆ ಸರಕು ಹಡಗಿಗೇರಿದ ಹಂತದಲ್ಲಿಯೇ ವರ್ಗವಾಗುತ್ತದೆ ಎಂಬುದನ್ನು ಹೊಸಬರು ಹಲವೊಮ್ಮೆ ಗಮನಿಸುವುದಿಲ್ಲ.

ಪಾವತಿಯ ವಿಧಾನಗಳು

ಮುಂಗಡ ಪಾವತಿಯು ರಫ್ತುದಾರನಿಗೆ ಅತ್ಯಂತ ಸುರಕ್ಷಿತ. ಸರಕು ತಲುಪಿದ ನಂತರ ಹಣ ಕೊಡುವ ಮುಕ್ತ ಖಾತೆಯ ಪದ್ಧತಿ ಅತ್ಯಂತ ಅಪಾಯಕರ. ಇವೆರಡರ ನಡುವೆ, ಬ್ಯಾಂಕಿನ ಮೂಲಕ ದಾಖಲೆಗಳನ್ನು ಕಳುಹಿಸಿ ಹಣ ಬಂದ ಮೇಲೆ ಅವನ್ನು ಕೊಳ್ಳುವವನಿಗೆ ಒಪ್ಪಿಸುವ ಕ್ರಮವೂ ಸಾಲಪತ್ರದ (ಎಲ್‌ಸಿ) ಕ್ರಮವೂ ಇವೆ.

ಸಾಲಪತ್ರದಲ್ಲಿ ಕೊಳ್ಳುವವನ ಬ್ಯಾಂಕು ಹಣ ಕೊಡುವ ಹೊಣೆ ಹೊರುತ್ತದೆ. ಆದರೆ ಬ್ಯಾಂಕು ಪರಿಶೀಲಿಸುವುದು ದಾಖಲೆಗಳನ್ನು ಮಾತ್ರ, ಸರಕನ್ನಲ್ಲ. ಇನ್‌ವಾಯ್ಸ್‌ನ ಸರಕಿನ ವಿವರಣೆ, ತೂಕ ಅಥವಾ ರವಾನೆಯ ದಿನಾಂಕವು ಸಾಲಪತ್ರದೊಡನೆ ತಾಳೆಯಾಗದಿದ್ದರೆ, ಸರಕು ಉತ್ತಮವಾಗಿದ್ದರೂ ಬ್ಯಾಂಕು ಪಾವತಿಯನ್ನು ನಿರಾಕರಿಸಬಹುದು. ಆದ್ದರಿಂದ ಸಾಲಪತ್ರ ಕೈಸೇರಿದ ಕೂಡಲೇ ಷರತ್ತುಗಳನ್ನು ಓದಿ, ಪಾಲಿಸಲಾಗದವನ್ನು ಸರಕು ಕಳುಹಿಸುವ ಮೊದಲೇ ತಿದ್ದಿಸಿಕೊಳ್ಳಬೇಕು.

ಕೊಳ್ಳುವವನು ದಿವಾಳಿಯಾಗುವುದು, ಯುದ್ಧ, ಆಮದು ನಿಷೇಧ ಮೊದಲಾದ ಅಪಾಯಗಳಿಗೆ 1957ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಇಸಿಜಿಸಿ ವಿಮೆ ನೀಡುತ್ತದೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಂತೆ, ರಫ್ತಿನ ಹಣವನ್ನು ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿದ ಅವಧಿಯೊಳಗೆ ದೇಶಕ್ಕೆ ತರುವುದು ರಫ್ತುದಾರನ ಕರ್ತವ್ಯ. ಬಾಕಿ ಉಳಿದ ಹಣವು ಹೀಗೆ ನಷ್ಟದ ಜೊತೆಗೆ ಕಾನೂನಿನ ತೊಡಕನ್ನೂ ತರಬಲ್ಲದು.

ಆಮದಿನ ಲೆಕ್ಕ

ಆಮದು ಸುಂಕವನ್ನು ಸರಕಿನ ಬೆಲೆ, ಸಾಗಣೆ ಮತ್ತು ವಿಮೆ ಸೇರಿದ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ. ಈ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ. 10, ಸಮಾಜ ಕಲ್ಯಾಣ ಮೇಲ್ತೆರಿಗೆ ಮೂಲ ಸುಂಕದ ಶೇ. 10 ಹಾಗೂ ಐಜಿಎಸ್‌ಟಿ ಶೇ. 18 ಎಂದು ಭಾವಿಸಿದರೆ, ಮೂಲ ಸುಂಕ 10,000 ಮತ್ತು ಮೇಲ್ತೆರಿಗೆ 1,000 ರೂಪಾಯಿ. ಒಟ್ಟು 1,11,000 ರೂಪಾಯಿಯ ಮೇಲೆ ಐಜಿಎಸ್‌ಟಿ 19,980 ರೂಪಾಯಿ. ಹೀಗೆ ಕಟ್ಟಬೇಕಾದ ಮೊತ್ತ 30,980 ರೂಪಾಯಿ. ಇದರಲ್ಲಿ ಐಜಿಎಸ್‌ಟಿಯನ್ನು ನೋಂದಾಯಿತ ವ್ಯಾಪಾರಿ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಸರಕು ಬಿಡಿಸಿಕೊಳ್ಳುವಾಗ ಪೂರ್ಣ ಹಣ ಕೈಯಲ್ಲಿರಬೇಕು.

ಕರ್ನಾಟಕದಲ್ಲಿ

ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವು ರಫ್ತುದಾರರಿಗೆ ತರಬೇತಿ ಮತ್ತು ಮಾರ್ಗದರ್ಶನ ನೀಡುತ್ತದೆ. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯು ಸರಕಿನ ಮೂಲ ಪ್ರಮಾಣಪತ್ರಗಳನ್ನು ನೀಡುತ್ತದೆ. ನವಮಂಗಳೂರು ಬಂದರು, ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊ ಮತ್ತು ಕೆಂಪೇಗೌಡ ವಿಮಾನ ನಿಲ್ದಾಣ ರಾಜ್ಯದ ಪ್ರಮುಖ ಸರಕು ದ್ವಾರಗಳಾಗಿವೆ.