ತುಕ್ಕು ಹಿಡಿದ ಕೀಬೋರ್ಡಿಗೆ ವಿನೆಗರ್ ಸ್ನಾನ

ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯಿಂದ ಗಮ್ಮೆಂದು ವಿನೆಗರ್ ವಾಸನೆ ಬಂದರೆ ನೀವೇನು ಅಂದುಕೊಳ್ಳುತ್ತೀರಿ? ಉಪ್ಪಿನಕಾಯಿ ಹಾಕ್ತಿದ್ದಾರೆ ಅಂತ ತಾನೇ? ನಾನೂ ಹಾಗೇ ಅಂದುಕೊಂಡೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಹೊಸತು. ಬಂದು ನೋಡಿದರೆ ನಮ್ಮ ಮಗರಾಯ ದೊಡ್ಡ ಟ್ರೇ ತುಂಬ ವಿನೆಗರ್ ಸುರಿದು, ತುಕ್ಕು ಹಿಡಿದ ತಗಡೊಂದನ್ನು ಮುಳುಗಿಸಿಟ್ಟಿದ್ದಾನೆ! "ಏನೋ ಇದು ನಿನ್ನ ಅವತಾರ?" ಎಂದೆ. "ಹಳೇ ಕಂಪ್ಯೂಟರ್ ಕೀಬೋರ್ಡ್ ಕಣಮ್ಮ, ಸರಿ ಮಾಡ್ತಿದೀನಿ" ಎಂದ.

ಹೊಸದು ನಾಲ್ಕು ಕಾಸಿಗೆ ಸಿಗುವಾಗ ಇದಕ್ಕೇಕೆ ಈ ಉಪಚಾರ ಎಂದು ನಿಮಗೂ ಅನ್ನಿಸಬಹುದು. ಅದು ಪಕ್ಕದ ಮನೆಯ ಮುದುಕಿಯದು. ಆಕೆಯ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ರಾತ್ರಿಯೆಲ್ಲ ಕುಳಿತು ಟೈಪ್ ಮಾಡುವುದು ಅವರ ಅಭ್ಯಾಸವಂತೆ. ಮಳೆಗಾಲದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಕೀಬೋರ್ಡ್ ನೆನೆದುಹೋಗಿತ್ತು. "ನನಗೆ ಟೈಪ್ ಮಾಡೋಕೆ ಬರೋಲ್ಲ, ಅದರ ಸದ್ದು ಬಂದರೆ ಸಾಕು" ಎಂದು ಆಕೆ ತಂದುಕೊಟ್ಟಿದ್ದರು. ಇನ್ನು ಬೇಡ ಎನ್ನುವುದು ಹೇಗೆ?

ಐಬಿಎಂ ಕಂಪನಿಯ 'ಮಾಡೆಲ್ ಎಂ' ಎಂಬ ಈ ಕೀಬೋರ್ಡ್ ಬಂದದ್ದು 1980ರ ದಶಕದ ನಡುವಿನಲ್ಲಿ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನಲ್ಲಿ ಲೆಕ್ಕವಿಲ್ಲದಷ್ಟು ತಯಾರಾದವು. ತೂಕ ಸುಮಾರು 2 ಕಿಲೋ, ಕೈಗೆತ್ತಿಕೊಂಡರೆ ರೊಟ್ಟಿ ಹೆಂಚಿನ ನೆನಪಾಗುತ್ತದೆ! 101 ಕೀಲಿಗಳು, ಒಂದೊಂದರ ಕೆಳಗೂ ಒಂದು ಪುಟ್ಟ ಸ್ಪ್ರಿಂಗ್. ಒತ್ತಿದಾಗ ಸ್ಪ್ರಿಂಗ್ ಸೊಂಟ ಬಗ್ಗಿಸಿ ಪಕ್ಕಕ್ಕೆ ವಾಲಿ 'ಟಕ್' ಎನ್ನುತ್ತದೆ, ಅದರ ಬುಡದ ಸುತ್ತಿಗೆ ಕೆಳಗಿನ ಹಾಳೆಯನ್ನು ಒತ್ತುತ್ತದೆ. ಮುದುಕಿಗೆ ಬೇಕಿದ್ದುದು ಆ 'ಟಕ್' ಮಾತ್ರ.

ಬಿಚ್ಚುವುದೇ ದೊಡ್ಡ ಕೆಲಸ. ಹಿಂದಿನ ಉಕ್ಕಿನ ತಗಡನ್ನು ಪ್ಲಾಸ್ಟಿಕ್ ಮೊಳೆಗಳು ಹಿಡಿದಿರುತ್ತವೆ. ವಯಸ್ಸಾದಂತೆ ಅವು ತಾವಾಗಿಯೇ ಮುರಿದು ಬೀಳುತ್ತವೆ. ಉಳಿದವನ್ನು ಕೆತ್ತಿ ತೆಗೆಯಬೇಕು. ಆಮೇಲೆ ಅದೇ ಜಾಗಗಳಲ್ಲಿ ತೂತು ಕೊರೆದು ಸಣ್ಣ ಬೋಲ್ಟುಗಳನ್ನು ಹಾಕುತ್ತಾರೆ. ಕೀಲಿಗಳ ಮುಚ್ಚಳಗಳನ್ನು ಕಿತ್ತು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿದೆ. ಅಕ್ಷರಗಳ ಬಣ್ಣ ಪ್ಲಾಸ್ಟಿಕ್ಕಿನೊಳಗೇ ಇಳಿದಿರುವುದರಿಂದ ಎಷ್ಟು ತಿಕ್ಕಿದರೂ ಅಳಿಸಲಿಲ್ಲ. ತೆಗೆಯುವ ಮುಂಚೆ ಒಂದು ಫೋಟೋ ಹಿಡಿದಿಟ್ಟುಕೊಳ್ಳಿ. ಇಲ್ಲವಾದರೆ ಯಾವುದು ಎಲ್ಲಿತ್ತೆಂದು ತಲೆ ಕೆರೆದುಕೊಳ್ಳಬೇಕಾದೀತು.

ತಗಡಿನ ವಿಷಯದಲ್ಲಿ ನಾನೊಂದು ಎಡವಟ್ಟು ಮಾಡಿದೆ ನೋಡಿ. ವಿನೆಗರಿನ ಹುಳಿ ತುಕ್ಕನ್ನು ಕರಗಿಸುತ್ತದೆ. ಒಂದು ರಾತ್ರಿ ನೆನೆದ ತಗಡನ್ನು ಸ್ಟೀಲ್ ಜುಂಗಿನಿಂದ ಉಜ್ಜಿದಾಗ ಥಳಥಳ ಹೊಳೆಯಿತು. ಮಗ ಹೊರಗೆ ಹೋಗಿದ್ದ. ಪಾತ್ರೆ ತೊಳೆದಂತೆ ಬರೀ ನೀರಿನಲ್ಲಿ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದೆ. ಸಂಜೆ ನೋಡಿದರೆ ಅರಿಶಿನ ಬಳಿದಂತೆ ಮತ್ತೆ ತುಕ್ಕು! ಹುಳಿ ಉಳಿದಿದ್ದರೆ, ತೇವವೂ ಇದ್ದರೆ, ಬರಿಮೈ ಕಬ್ಬಿಣ ಗಂಟೆಗಳಲ್ಲೇ ತುಕ್ಕು ಹಿಡಿಯುತ್ತದೆ. "ಹೋಗಲಿ ಬಿಡಮ್ಮ, ನನಗೂ ಮೊದಲ ಸಲ ಹೀಗೇ ಆಗಿತ್ತು" ಎಂದ ಮಗ. ಮತ್ತೆ ವಿನೆಗರು. ಈ ಸಲ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಆ ಕ್ಷಣವೇ ಬಟ್ಟೆಯಿಂದ ಒರೆಸಿ, ಕೂದಲು ಒಣಗಿಸುವ ಯಂತ್ರ ಹಿಡಿದು ಆರಿಸಿ, ಕೂಡಲೇ ಬಣ್ಣ ಬಳಿದೆವು. ನಿಮ್ಮ ಮನೆಯ ಈಳಿಗೆಮಣೆ, ಕಬ್ಬಿಣದ ಬಾಣಲೆಗೂ ಈ ಉಪಾಯ ನಡೆಯುತ್ತದೆ; ಅಲ್ಲಿ ಬಣ್ಣದ ಬದಲು ಅಡುಗೆ ಎಣ್ಣೆ ಸವರಿದರಾಯಿತು.

ಒಂದು ಎಚ್ಚರಿಕೆ. ಒಳಗಿನ ತೆಳು ಪ್ಲಾಸ್ಟಿಕ್ ಹಾಳೆಗಳ ಹತ್ತಿರ ವಿನೆಗರ್ ಸುಳಿಯಕೂಡದು. ಅವುಗಳ ಮೇಲೆ ವಿದ್ಯುತ್ ಹರಿಯುವ ಕೂದಲೆಳೆಯಂಥ ಗೆರೆಗಳಿರುತ್ತವೆ. ನಮ್ಮದರಲ್ಲಿ ಎರಡು ಗೆರೆಗಳನ್ನು ನೀರು ತಿಂದುಹಾಕಿತ್ತು. ಬೆಳ್ಳಿಪುಡಿ ಬೆರೆತ ಬಣ್ಣದ ಪೆನ್ನಿನಿಂದ ಮಗ ಅವನ್ನು ತಿದ್ದಿದ. ರಂಗೋಲಿ ಎಳೆ ಎಳೆಯುವ ನನ್ನ ಕೈಯೇ ಅವನಿಗಿಂತ ಮೇಲು ಅಂತ ಎರಡನೆಯದನ್ನು ನನಗೇ ಬಿಟ್ಟುಕೊಟ್ಟ ಅನ್ನಿ!

ಜೋಡಿಸುವಾಗ ಎಲ್ಲವನ್ನೂ ಬೋರಲಾಗಿಟ್ಟು, ಸ್ಪ್ರಿಂಗುಗಳು ಕೆಳಕ್ಕೆ ಜೋತುಬಿದ್ದಿರುವಂತೆಯೇ ಮುಚ್ಚಬೇಕು. ಎಲ್ಲ ಬೋಲ್ಟು ಬಿಗಿದ ಮೇಲೂ ಮೂರು ಕೀಲಿಗಳು ಮೂಗಿಯಂತೆ ಸುಮ್ಮನಿದ್ದವು. ಕೀಬೋರ್ಡನ್ನು ನೆಟ್ಟಗೆ, ಉದ್ದನೆಯ ಕೀಲಿ ಮೇಲಕ್ಕೆ ಬರುವಂತೆ ನಿಲ್ಲಿಸಿ ಆ ಮುಚ್ಚಳಗಳನ್ನು ಮತ್ತೆ ಕೂರಿಸಿದಾಗ ಸ್ಪ್ರಿಂಗು ಜಾಗಕ್ಕೆ ಬಂತು. ಟಕ್!

ಒಂಬತ್ತನೆಯ ದಿನ ತೆಗೆದುಕೊಂಡು ಹೋದೆವು. ಅವರ ಓದುವ ಮೇಜಿನ ಮೇಲೆ ಇಟ್ಟು, ಒತ್ತಿ ನೋಡಿ ಎಂದೆ. ಆಕೆ ಒತ್ತಲಿಲ್ಲ. ನನ್ನ ಮಗನನ್ನು ಕುರ್ಚಿಯಲ್ಲಿ ಕೂರಿಸಿ, "ಏನಾದರೂ ಹೊಡೀತಿರಪ್ಪ" ಎಂದು, ತಾವು ಪಕ್ಕದ ಕೋಣೆಗೆ ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡರು.