ಪೇಪರಿನ ಬಾಲ ಹಿಡಿದು

ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ 'ಲಿಟರೇಚರ್ ಸರ್ವೆ' ಎಂಬ ಅಧ್ಯಾಯವಿರುತ್ತದೆ. ನಮ್ಮಲ್ಲಿ ಬಹಳಷ್ಟು ಮಂದಿ ಅದನ್ನು ಬರೆಯುವುದು ಕೊನೆಯ ವಾರದಲ್ಲಿ. ಹಿಂದಿನ ಬ್ಯಾಚ್‌ನ ವರದಿ ತೆಗೆದು ಹತ್ತು ಪೇಪರ್‌ಗಳ ಹೆಸರು ಎತ್ತಿಕೊಂಡರೆ ಮುಗಿಯಿತು. ಎಂ.ಟೆಕ್., ಪಿಎಚ್‌.ಡಿ. ಮಾಡುವವರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ತಾವು ಮಾಡಹೊರಟಿದ್ದನ್ನು ಬೇರೆ ಯಾರೋ ಆಗಲೇ ಮಾಡಿ ಮುಗಿಸಿದ್ದರೆ ವರ್ಷಗಟ್ಟಲೆ ದುಡಿಮೆ ನೀರುಪಾಲು. ಕಾಲೇಜು ಲೈಬ್ರರಿಯಲ್ಲಿ ಅಂಥ ಸೀನಿಯರ್‌ಗಳ ಪಕ್ಕ ಕೂತರೆ, ಹುಡುಕುವುದು ಎಂದರೆ ಏನೆಂದು ಗೊತ್ತಾಗುತ್ತದೆ.

ಮೊದಲ ತೊಡಕು ಪದದ್ದು. ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ರಾಶಿ ಬೀಳುವಂಥ ಹಾರುಬೂದಿಯಿಂದ, ಸಿಮೆಂಟೇ ಇಲ್ಲದೆ ಕಾಂಕ್ರೀಟ್ ಮಾಡುವ ಬಗ್ಗೆ ಓದಬೇಕು ಎಂದುಕೊಳ್ಳಿ. 'ಜಿಯೋಪಾಲಿಮರ್' ಎಂದು ಟೈಪ್ ಮಾಡಿದರೆ ಸಾವಿರಾರು ಪೇಪರ್ ಬರುತ್ತವೆ. ಆ ಹೆಸರನ್ನು 1970ರ ದಶಕದಲ್ಲಿ ಕೊಟ್ಟವರು ಫ್ರಾನ್ಸಿನ ಜೋಸೆಫ್ ಡೇವಿಡೋವಿಟ್ಸ್. ಆದರೆ ಇದೇ ಬಗೆಯ ವಸ್ತುಗಳ ಮೇಲೆ ಕೀವ್‌ನಲ್ಲಿ ವಿಕ್ಟರ್ ಗ್ಲುಖೋವ್‌ಸ್ಕಿ 1950ರ ದಶಕದಲ್ಲೇ ಕೆಲಸ ಮಾಡಿದ್ದರು. ಅವರು ಕರೆದದ್ದು 'ಸಾಯಿಲ್ ಸಿಲಿಕೇಟ್' ಎಂದು. ಈಗಲೂ ಹಲವರು 'ಆಲ್ಕಲಿ ಆ್ಯಕ್ಟಿವೇಟೆಡ್' ಎಂದೇ ಬರೆಯುತ್ತಾರೆ. ಒಂದೇ ಪದ ಹಿಡಿದು ಕೂತವರಿಗೆ ಉಳಿದದ್ದು ಕಾಣುವುದೇ ಇಲ್ಲ. ಹಾಗಾಗಿ ಮೊದಲು ಪದಗಳ ಪಟ್ಟಿ ಮಾಡಿಕೊಳ್ಳಬೇಕು. ಒಂದೇ ಅರ್ಥದ ಪದಗಳ ನಡುವೆ 'ಆರ್', ಬೇರೆ ಬೇರೆ ವಿಷಯಗಳ ನಡುವೆ 'ಆ್ಯಂಡ್' ಹಾಕಬೇಕು. (ಲಾಜಿಕ್ ಗೇಟ್‌ಗಳು ಪರೀಕ್ಷೆಯಾಚೆಗೂ ಉಪಯೋಗಕ್ಕೆ ಬರುತ್ತವೆ!)

ಒಂದು ಒಳ್ಳೆಯ ಪೇಪರ್ ಸಿಕ್ಕಿತೆಂದರೆ ಟೈಪ್ ಮಾಡುವ ಕೆಲಸ ಕಡಿಮೆ. ಅದರ ಬಾಲದಲ್ಲಿರುವ ಉಲ್ಲೇಖಗಳ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು. ಗೂಗಲ್ ಸ್ಕಾಲರ್‌ನಲ್ಲಿ 'ಸೈಟೆಡ್ ಬೈ' ಒತ್ತಿದರೆ, ಅದನ್ನು ಓದಿ ಮುಂದುವರಿಸಿದವರೆಲ್ಲ ಸಿಗುತ್ತಾರೆ. ಈ ಉಪಾಯ ಕಂಪ್ಯೂಟರ್ ಯುಗದ್ದಷ್ಟೇ ಅಲ್ಲ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರತಂದಾಗ ಅದು ಅಚ್ಚಾದ ಸಂಪುಟಗಳಲ್ಲಿತ್ತು. ಹೀಗೆ ಹೋಗುತ್ತಾ ನೋಡಿದ ಹೆಸರುಗಳೇ ಮತ್ತೆ ಮತ್ತೆ ಎದುರಾದರೆ, ನಿಲ್ಲಿಸಿ ಓದಲು ಕೂರುವ ಹೊತ್ತಾಯಿತು ಎಂದರ್ಥ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ' ತಾಣವನ್ನೂ ನೋಡಿ. ದೇಶದ ಲಕ್ಷಾಂತರ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿ ಉಚಿತ. ಯಾರೋ ಮೂರ್ನಾಲ್ಕು ವರ್ಷ ಓದಿ ಬರೆದ ಸಮೀಕ್ಷೆ ಅವುಗಳಲ್ಲಿ ಸಿದ್ಧವಾಗಿರುತ್ತದೆ.

ಪೇಪರ್ ಸಿಕ್ಕರೂ ತೆರೆಯುವುದಿಲ್ಲ, ಹಣ ಕೇಳುತ್ತದೆ. ಕೇಂದ್ರದ 'ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರಲ್ಲಿ ಶುರುವಾಗಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಖರ್ಚು. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳಿಗೆ ಜಾಗವಿಲ್ಲ. ರಾಜ್ಯದಲ್ಲಿ ನಮ್ಮಂಥವರು ಹೆಚ್ಚಾಗಿ ಓದುತ್ತಿರುವುದು ಅಲ್ಲೇ ಆದ್ದರಿಂದ ಇದು ನ್ಯಾಯ ಅನ್ನಿಸುವುದಿಲ್ಲ. ವಿಟಿಯು ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಕನ್ಸಾರ್ಷಿಯಂ ಇದೆ. ಅದರಲ್ಲಿ ಏನೇನು ಸಿಗುತ್ತದೆಂದು ಲೈಬ್ರರಿಯನ್ ಅವರನ್ನು ಕೇಳಿ. ಅಲ್ಲೂ ಇಲ್ಲವಾದರೆ ಲೇಖಕರಿಗೇ ಇಮೇಲ್ ಮಾಡಿ. ವಿಳಾಸ ಸಾಮಾನ್ಯವಾಗಿ ಪೇಪರಿನ ಮೊದಲ ಪುಟದಲ್ಲಿ, ಸಾರಾಂಶದ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮ ಹೆಸರು, ಕಾಲೇಜು, ಪೇಪರ್ ಯಾಕೆ ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು.