ಆಡಳಿತ ಭಾಷೆ ಯಾವುದು? ಗ್ರಾಮಕ್ಕೊಂದು, ದೆಹಲಿಗೊಂದು ಉತ್ತರ

ಬಾಗಲಕೋಟೆ: ಹಿಂದಿ ನಮ್ಮ ರಾಷ್ಟ್ರಭಾಷೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಸಂವಿಧಾನವು ಯಾವ ಭಾಷೆಗೂ ಆ ಪಟ್ಟ ಕಟ್ಟಿಲ್ಲ. 343ನೇ ವಿಧಿಯಂತೆ ದೇವನಾಗರಿ ಲಿಪಿಯ ಹಿಂದಿ ಕೇಂದ್ರದ ಆಡಳಿತ ಭಾಷೆ. 1963ರ ಕೇಂದ್ರ ಕಾಯ್ದೆಯಡಿ ಇಂಗ್ಲಿಷ್ ಬಳಕೆಯೂ ಮುಂದುವರಿದಿದೆ. ರಾಜ್ಯಗಳು ತಮ್ಮ ಆಡಳಿತ ಭಾಷೆಯನ್ನು ತಾವೇ ಆರಿಸಿಕೊಳ್ಳಲು 345ನೇ ವಿಧಿ ಅವಕಾಶ ನೀಡಿದೆ.

ಹುನಗುಂದ ಭಾಗದ ರಾಮಥಾಳದ ರೈತನಿಗೆ ಸರ್ಕಾರಿ ಕಚೇರಿಯಲ್ಲಿ ಕನ್ನಡದಲ್ಲೇ ವ್ಯವಹರಿಸಲು ಬಲ ನೀಡಿರುವುದು ಅದೇ 1963ರಲ್ಲಿ ರೂಪುಗೊಂಡ ರಾಜ್ಯದ ಆಡಳಿತ ಭಾಷಾ ಕಾಯ್ದೆ. 1956ರ ಏಕೀಕರಣಕ್ಕೆ ಮುನ್ನ ಈ ಪ್ರದೇಶ ಮುಂಬೈ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಹಾಗೆಂದು ಇಲ್ಲಿ ಆಡಳಿತದ ಕನ್ನಡ ಹೊಸದೇನಲ್ಲ. ಬಾದಾಮಿಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನು 6ನೇ ಶತಮಾನದಲ್ಲಿ ನೀಡಿದ ಗ್ರಾಮದಾನ ಕನ್ನಡದಲ್ಲಿಯೇ ದಾಖಲಾಗಿದೆ.

ಆದರೆ ರಾಜ್ಯದ ಎಲ್ಲ ಮನೆಗಳ ಮಾತು ಕನ್ನಡವಲ್ಲ. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಅದನ್ನು ಮಾತೃಭಾಷೆಯೆಂದು ಬರೆಸಿದರು. ಅವರ ಸಂಖ್ಯೆ ಮಾತ್ರ ಹಿಂದಿಯ ಗುಂಪಿಗೆ ಸೇರಿತು. ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಲಂಬಾಣಿ ಇಲ್ಲ. ತುಳು, ಕೊಡವ ಭಾಷೆಗಳೂ ಇಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆಂದು 350ಎ ವಿಧಿ ಹೇಳುತ್ತದೆ. ಆದರೆ ತಾಂಡಾದ ಮಗುವಿನ ಮಾತು ಸರ್ಕಾರಿ ಲೆಕ್ಕದಲ್ಲಿ ಹಿಂದಿಯೆಂದು ಕೂಡಿಹೋದರೆ, ಆ ಸೌಲಭ್ಯವನ್ನು ಯಾವ ಭಾಷೆಯ ಹೆಸರಿನಲ್ಲಿ ಕೇಳಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.